ಈ ಬೇಸಿಗೆಗೆ ಯಾವ ಪುಸ್ತಕ?



ಯುಗಾದಿ ಮುಗಿಯಿತು. ಮಕ್ಕಳ ಪರೀಕ್ಷೆಯೂ ಮುಗಿಯಿತು. ಏಪ್ರಿಲ್ ಬಂತು ಅಂದರೆ ಶಾಲೆಗೆ ಬೇಸಿಗೆ ರಜೆ. ಮೇ ಕೊನೆಯವರೆಗೂ ಮಕ್ಕಳು ಮನೆಯಲ್ಲೇ.

ಮಕ್ಕಳಿಗೆ ರಜೆ, ನಮಗೆ ಎಲ್ಲಿಯ ರಜೆ ಅಂತೀರಾ? ನಿಜ. ಒಲೆಗೆ ರಜೆ ಇಲ್ಲ. ನೀರು ತರುವುದಕ್ಕೂ ರಜೆ ಇಲ್ಲ. ಆದರೆ ನಡು ಮಧ್ಯಾಹ್ನದ ಬಿಸಿಲಲ್ಲಿ ಹೊರಗಿನ ಕೆಲಸ ನಿಲ್ಲುತ್ತದೆ. ಮಾಳಿಗೆ ಮೇಲೆ ಹಪ್ಪಳ ಸಂಡಿಗೆ ಒಣ ಹಾಕುತ್ತೇವೆ. ಕಾಗೆ ಬರದ ಹಾಗೆ ಕೋಲು ಹಿಡಿದು ನೆರಳಲ್ಲಿ ಕೂರುತ್ತೇವೆ. ಆ ಅರ್ಧ ಗಂಟೆ ನಮ್ಮದು. ಒಂದು ಕೈಯಲ್ಲಿ ಕೋಲು ಇರಲಿ. ಇನ್ನೊಂದು ಕೈಯಲ್ಲಿ ಪುಸ್ತಕ ಇರಲಿ.

ಯಾಕೆ ಓದಬೇಕು?

"ಅಕ್ಷರ ಕಲಿತಾಯ್ತಲ್ಲ, ಇನ್ನೇನು?" ಅಂತ ಕೆಲವರು ಕೇಳುತ್ತಾರೆ.

ಕುಡುಗೋಲನ್ನು ಮೂಲೆಗೆ ಹಾಕಿದರೆ ಏನಾಗುತ್ತದೆ? ತುಕ್ಕು ಹಿಡಿಯುತ್ತದೆ. ಕಲಿತ ಅಕ್ಷರವೂ ಹಾಗೇ. ಓದದೆ ಬಿಟ್ಟರೆ ಒತ್ತಕ್ಷರ ಕಂಡಾಗ ತಡವರಿಸುತ್ತೇವೆ. ಉದ್ದ ಸಾಲು ಕಂಡರೆ ಹೆದರುತ್ತೇವೆ. ಕೊನೆಗೆ ಸಹಿ ಒಂದೇ ಉಳಿಯುತ್ತದೆ. ಸಹಿ ಬರುತ್ತದೆ, ಓದು ಬರುವುದಿಲ್ಲ ಅಂದರೆ ಅದು ಅಪಾಯ. ಸಾಲದ ಪತ್ರ ಓದದೆ ಸಹಿ ಹಾಕಿದರೆ ಹೊರೆ ನಮ್ಮ ತಲೆಗೇ ಬರುತ್ತದೆ.

ಆದ್ದರಿಂದ ದಿನಕ್ಕೆ ಒಂದು ಪುಟ ಓದಿ. ಒಂದೇ ಪುಟ ಸಾಕು. ರಜೆ ಮುಗಿಯುವ ಹೊತ್ತಿಗೆ 40 ಪುಟ ದಾಟಿರುತ್ತೀರಿ.

ಯಾವುದನ್ನು ಓದಬೇಕು?

ಮೊದಲು ಗೊತ್ತಿರುವ ಕಥೆ ಓದಿ. ಪಂಚತಂತ್ರದ ಕಥೆಗಳು ಒಳ್ಳೆಯವು. ಸಿಂಹವನ್ನು ಬಾವಿಗೆ ಬೀಳಿಸಿದ ಮೊಲದ ಕಥೆ ನೀವು ಅಜ್ಜಿಯ ಬಾಯಲ್ಲಿ ಕೇಳಿರುತ್ತೀರಿ. ಕಡ್ಡಿ ಕಚ್ಚಿ ಹಾರಿದ ಆಮೆಯ ಕಥೆಯನ್ನೂ ಕೇಳಿರುತ್ತೀರಿ. ಈ ಕಥೆಗಳು ಕನ್ನಡಕ್ಕೆ ಬಂದು ಸುಮಾರು 1000 ವರ್ಷ ಆಯಿತು. ದುರ್ಗಸಿಂಹ ಎಂಬ ಕವಿ ಆಗಲೇ ಇವನ್ನು ಕನ್ನಡದಲ್ಲಿ ಬರೆದ. ಈಗ ಸುಲಭ ಕನ್ನಡದಲ್ಲಿ, ಚಿತ್ರಗಳ ಜೊತೆ ಸಿಗುತ್ತವೆ. ಗೊತ್ತಿರುವ ಕಥೆಯಾದರೆ ಓದು ಸಲೀಸು. ಆದರೆ ಬಾಯಿ ಮುಂದೆ ಓಡದಿರಲಿ. ಬೆರಳು ಇಟ್ಟ ಪದವನ್ನೇ ಓದಿ.

ಮಕ್ಕಳ ಜೊತೆ ಓದಲು 'ದಿನಕ್ಕೊಂದು ಕಥೆ' ಇದೆ. ಇದನ್ನು ಬರೆದವರು ಡಾಕ್ಟರ್ ಅನುಪಮಾ ನಿರಂಜನ. ರೋಗಿಗಳನ್ನು ನೋಡುತ್ತಾ ಪುಸ್ತಕವನ್ನೂ ಬರೆದ ಹೆಣ್ಣುಮಗಳು ಅವರು. ವರ್ಷದ ಪ್ರತಿ ದಿನಕ್ಕೂ ಒಂದು ಪುಟ್ಟ ಕಥೆ ಇದೆ. ಎಲ್ಲ ಸಂಪುಟ ಬೇಕಿಲ್ಲ. ಒಂದನ್ನು ತನ್ನಿ. ಒಂದು ಸಾಲು ನೀವು ಓದಿ, ಒಂದು ಸಾಲು ಮಗಳು ಓದಲಿ. ತಪ್ಪಾದರೆ ಮಗಳು ತಿದ್ದುತ್ತಾಳೆ. ಅದರಲ್ಲಿ ನಾಚಿಕೆ ಏನು ಬಂತು?

ಬಸುರಿ, ಬಾಣಂತಿ, ಎಳೆ ಕೂಸು ಇರುವ ಮನೆಯಲ್ಲಿ 'ತಾಯಿ ಮಗು' ಓದಬಹುದು. ಇದೂ ಅನುಪಮಾ ಅವರದೇ ಪುಸ್ತಕ. ಅವರು ತೀರಿಕೊಂಡದ್ದು 1991ರಲ್ಲಿ. ಆಮೇಲೆ ಲಸಿಕೆ, ಔಷಧಿಯ ವಿಷಯದಲ್ಲಿ ಹೊಸದು ಬಂದಿದೆ. ಅದನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ ತಿಳಿಯಿರಿ.

ನಗು ಬೇಕಾ? ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಓದಿ. ಅವರು ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದವರು. ಅವರ ನಾಯಿಯ ಹೆಸರು ಕಿವಿ. ನಾಯಿ, ಹಕ್ಕಿ, ಹಾವು, ಕಾಡು, ಊರ ಜನ ಎಲ್ಲರೂ ಈ ಕತೆಗಳಲ್ಲಿ ಬರುತ್ತಾರೆ. ಒಂದೊಂದು ಕತೆ ಬೇರೆ ಬೇರೆ. ಎಲ್ಲಿಂದ ಬೇಕಾದರೂ ಶುರು ಮಾಡಬಹುದು.

ಓದು ಚೆನ್ನಾಗಿ ಕೂಡಿ ಬಂದ ಮೇಲೆ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಕೈಗೆತ್ತಿಕೊಳ್ಳಿ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಬರೆದದ್ದು. ಇದು ನಾದಿರಾ ಎಂಬ ಹೆಣ್ಣಿನ ಕಥೆ. ಅಪ್ಪನಿಗೂ ಅಳಿಯನಿಗೂ ಮನಸ್ತಾಪ. ಅಪ್ಪನ ಹಟಕ್ಕೆ ಮಗಳ ಸಂಸಾರ ಒಡೆಯುತ್ತದೆ. ನಿನ್ನ ಮನಸ್ಸಲ್ಲಿ ಏನಿದೆ ಅಂತ ನಾದಿರಾಳನ್ನು ಯಾರೂ ಕೇಳುವುದಿಲ್ಲ. ಓದುವಾಗ ಕಣ್ಣು ತುಂಬುತ್ತದೆ. ಒಬ್ಬರೇ ಓದಬೇಡಿ. ಸಂಘದಲ್ಲಿ ಓದಿ, ಕೂತು ಮಾತಾಡಿ.

ಪುಸ್ತಕ ಎಲ್ಲಿ ಸಿಗುತ್ತದೆ?

ದುಡ್ಡು ಕೊಟ್ಟು ಕೊಳ್ಳಲೇಬೇಕು ಅಂತೇನೂ ಇಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆ. ಅದಕ್ಕೆ ಈಗ 'ಅರಿವು ಕೇಂದ್ರ' ಅಂತ ಹೆಸರು. ಒಳಗೆ ಹೋಗಲು ಸಂಕೋಚ ಬೇಡ. ಇಬ್ಬರು ಮೂವರು ಸೇರಿ ಹೋಗಿ. ಸದಸ್ಯರಾಗುವುದು ಹೇಗೆ ಅಂತ ಕೇಳಿ. ಬೇಕಾದ ಪುಸ್ತಕ ಇಲ್ಲದಿದ್ದರೆ ತರಿಸಿಕೊಡಿ ಅಂತ ಹೇಳಿ. ಮಕ್ಕಳ ಹೋದ ವರ್ಷದ ಕನ್ನಡ ಪಾಠದ ಪುಸ್ತಕವೂ ಮನೆಯಲ್ಲೇ ಇರುತ್ತದೆ. ರದ್ದಿಗೆ ಹಾಕುವ ಮೊದಲು ನೀವು ಓದಿ.

ಯಾರಾದರೂ ನಕ್ಕರೆ?

"ಈ ವಯಸ್ಸಲ್ಲಿ ಪುಸ್ತಕ ಬೇರೆ ಕೇಡು" ಅಂತ ಯಾರಾದರೂ ಅನ್ನಬಹುದು. ಆಗ ರಾಸಸುಂದರಿ ದೇವಿಯನ್ನು ನೆನೆಯಿರಿ.

ಸುಮಾರು 200 ವರ್ಷದ ಹಿಂದೆ ಬಂಗಾಳದಲ್ಲಿ ಇದ್ದವರು ಅವರು. 12ನೇ ವಯಸ್ಸಿಗೆ ಮದುವೆ. ತುಂಬಿದ ಮನೆ, ಮುಗಿಯದ ಕೆಲಸ. ಆಗ ಹೆಂಗಸರು ಪುಸ್ತಕ ಮುಟ್ಟಿದರೆ ಜನ ಆಡಿಕೊಳ್ಳುತ್ತಿದ್ದರು. ಆದರೂ ಅವರಿಗೆ ಓದುವ ಆಸೆ. ಮನೆಯಲ್ಲಿದ್ದ 'ಚೈತನ್ಯ ಭಾಗವತ' ಪುಸ್ತಕದ ಒಂದು ಹಾಳೆಯನ್ನು ಮೆಲ್ಲಗೆ ತೆಗೆದುಕೊಂಡರು. ಅಡುಗೆಮನೆಯಲ್ಲಿ ಬಚ್ಚಿಟ್ಟರು. ಮಗ ಅಕ್ಷರ ತಿದ್ದುತ್ತಿದ್ದ ತಾಳೆಗರಿಯನ್ನೂ ತಂದಿಟ್ಟುಕೊಂಡರು. ಅದರ ಅಕ್ಷರ, ಇದರ ಅಕ್ಷರ ಹೋಲಿಸಿ ಹೋಲಿಸಿ ಓದಲು ಕಲಿತರು. ಮುಂದೆ ಬರೆಯಲೂ ಕಲಿತರು. ತಮ್ಮ ಬಾಳಿನ ಕಥೆಯನ್ನು ತಾವೇ ಬರೆದರು. ಬಂಗಾಳಿಯಲ್ಲಿ ಅಚ್ಚಾದ ಮೊದಲ ಆತ್ಮಕಥೆ ಅದೇ ಅಂತ ತಿಳಿದವರು ಹೇಳುತ್ತಾರೆ.

ಅವರಿಗೆ ಸಿಕ್ಕಿದ್ದು ಒಂದೇ ಹಾಳೆ. ಅದೂ ಕದ್ದು ಮುಚ್ಚಿ. ನಮಗೆ ಊರಲ್ಲೇ ಕಪಾಟು ತುಂಬ ಪುಸ್ತಕ ಇದೆ. ನಾವು ಮಾಳಿಗೆ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು ಓದೋಣ.

ಮಾಡಿ ನೋಡಿ

1. ನಿಮ್ಮ ಊರಿನ ಗ್ರಂಥಾಲಯ ಯಾವ ಹೊತ್ತಿಗೆ ತೆರೆಯುತ್ತದೆ? ಹೋಗಿ ಕೇಳಿ ಬನ್ನಿ.

2. ಈ ವಾರ ಒಂದು ಪುಸ್ತಕ ತನ್ನಿ. ಅದರ ಹೆಸರನ್ನೂ ಬರೆದವರ ಹೆಸರನ್ನೂ ಕೆಳಗೆ ಬರೆಯಿರಿ.

3. ನೀವು ಓದಿದ ಒಂದು ಕಥೆಯನ್ನು ಸಂಘದಲ್ಲಿ ಗಟ್ಟಿಯಾಗಿ ಓದಿ ಹೇಳಿ.