ಕಲ್ಲಿನ ಕಮಾನು: ನೋಡಿ, ಫೋಟೊ ತೆಗೆಯಿರಿ, ಮುಟ್ಟಬೇಡಿ

ತಿರುಮಲೆಗೆ ಹೋದವರಲ್ಲಿ ಹಲವರು ಅಲ್ಲಿನ ಶಿಲಾತೋರಣ ನೋಡಿರುತ್ತಾರೆ. ಯಾವ ಶಿಲ್ಪಿಯೂ ಕಡೆಯದೆ ತಾನಾಗಿ ಮೂಡಿದ ಕಲ್ಲಿನ ಕಮಾನು ಅದು. ಇಂಥ ಕಮಾನುಗಳು ಎರಡು ಸಾವಿರಕ್ಕೂ ಹೆಚ್ಚು ಒಂದೇ ಕಡೆ ಇದ್ದರೆ ಹೇಗಿರುತ್ತದೆ? ಅಮೆರಿಕದ ಯೂಟಾ ರಾಜ್ಯದ ಮೋಯಾಬ್ ಪಟ್ಟಣದ ಹತ್ತಿರ, ಮರುಭೂಮಿಯ ನಡುವೆ ಅಂಥ ಜಾಗವೊಂದಿದೆ. ಹೆಸರು ಆರ್ಚಸ್ ರಾಷ್ಟ್ರೀಯ ಉದ್ಯಾನ. 1929ರಲ್ಲಿ ರಾಷ್ಟ್ರೀಯ ಸ್ಮಾರಕವಾದ ಈ ಪ್ರದೇಶ 1971ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಕಡೆದದ್ದು ಗಾಳಿಯಲ್ಲ, ನೀರು

ಮರುಭೂಮಿಯ ಗಾಳಿಯೇ ಈ ಕಮಾನುಗಳನ್ನು ಕೊರೆದಿದೆ ಎಂದು ಹಲವರು ತಿಳಿದಿದ್ದಾರೆ. ನಿಜವಾದ ಕೆಲಸಗಾರ ನೀರು. ಸುಮಾರು 30 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರ ಬತ್ತಿ, ಉಪ್ಪಿನ ದಪ್ಪ ಪದರ ಉಳಿಯಿತು. ಅದರ ಮೇಲೆ ಮರಳು, ಮಣ್ಣು ಬಿದ್ದು ಕಾಲಕ್ರಮೇಣ ಕಲ್ಲಾಯಿತು. ಭಾರಕ್ಕೆ ಉಪ್ಪು ಅತ್ತಿತ್ತ ಸರಿಯಿತು, ಮೇಲಿನ ಮರಳುಗಲ್ಲು ಉದ್ದುದ್ದ ಬಿರುಕು ಬಿಟ್ಟಿತು. ಬಿರುಕುಗಳು ಅಗಲವಾಗುತ್ತ ಹೋಗಿ ನಡುವೆ ಗೋಡೆಗಳಂಥ ಬಂಡೆಗಳು ನಿಂತವು.

ಇಲ್ಲಿ ವರ್ಷಕ್ಕೆ ಬೀಳುವ ಮಳೆ 25 ಸೆಂಟಿಮೀಟರ್ ಕೂಡ ಇಲ್ಲ. ಆದರೂ ಅಷ್ಟು ಸಾಕು. ಮಳೆನೀರು ಮರಳಿನ ಕಣಗಳನ್ನು ಹಿಡಿದಿಟ್ಟಿರುವ ಸುಣ್ಣದ ಅಂಶವನ್ನು ಕರಗಿಸುತ್ತದೆ. ಚಳಿಗಾಲದಲ್ಲಿ ಬಿರುಕಿನೊಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ, ಬೆಣೆ ಹೊಡೆದಂತೆ ಕಲ್ಲನ್ನು ಸೀಳುತ್ತದೆ. ಚೂರುಗಳು ಉದುರಿ ಗೋಡೆಯಲ್ಲಿ ತೂತು ಬೀಳುತ್ತದೆ. ತೂತು ದೊಡ್ಡದಾದರೆ ಕಮಾನು. ಇನ್ನೂ ದೊಡ್ಡದಾದರೆ ಒಂದು ದಿನ ಕುಸಿತ.

ಬಿದ್ದ ಕಲ್ಲುಗಳು

ಇದು ಬರೀ ಲೆಕ್ಕಾಚಾರದ ಮಾತಲ್ಲ. ಸುಮಾರು 300 ಅಡಿ ಅಗಲದ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ 1991ರ ಸೆಪ್ಟೆಂಬರ್‌ನಲ್ಲಿ 60 ಅಡಿ ಉದ್ದದ ಕಲ್ಲಿನ ಹಲಗೆ ಕಳಚಿ ಬಿತ್ತು. ಕೆಳಗಿದ್ದ ಪ್ರವಾಸಿಗರು ಬಿರುಕಿನ ಸದ್ದು ಕೇಳಿ ಓಡಿದ್ದರಿಂದ ಬದುಕಿಕೊಂಡರು. ಅಂದಿನಿಂದ ಅದರ ಕೆಳಗೆ ಯಾರನ್ನೂ ಬಿಡುವುದಿಲ್ಲ. 2008ರ ಆಗಸ್ಟ್‌ನಲ್ಲಿ ವಾಲ್ ಆರ್ಚ್ ಎಂಬ ಕಮಾನು ರಾತ್ರೋರಾತ್ರಿ ಪೂರ್ತಿ ಕುಸಿಯಿತು.

ಕ್ಯಾಮೆರಾ ಹಿಡಿದವರಿಗೆ

ಎಲ್ಲರಿಗೂ ಬೇಕಾದದ್ದು ಡೆಲಿಕೇಟ್ ಆರ್ಚ್‌ನ ಚಿತ್ರ. ಯೂಟಾದ ವಾಹನಗಳ ನಂಬರ್ ಪ್ಲೇಟಿನ ಮೇಲೂ ಅದೇ ಇದೆ. ಹೋಗಿಬರಲು ಸುಮಾರು ಐದು ಕಿಲೋಮೀಟರ್ ನಡೆಯಬೇಕು. ಏರುದಾರಿ, ನೆರಳಿಲ್ಲ, ತಲೆಗೆ ಒಬ್ಬೊಬ್ಬರಿಗೆ ಎರಡು ಲೀಟರ್ ನೀರಾದರೂ ಜೊತೆಗಿರಬೇಕು. ನಡುಮಧ್ಯಾಹ್ನದ ಬಿಸಿಲಲ್ಲಿ ಕಲ್ಲಿನ ಬಣ್ಣ ಪೇಲವವಾಗಿ ಕಾಣುತ್ತದೆ. ಸಂಜೆಯ ಓರೆ ಬೆಳಕಿಗೆ ಅದೇ ಕಲ್ಲು ಕೆಂಡದಂತಾಗುತ್ತದೆ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿದರೆ ಕಮಾನಿನ ಎತ್ತರ ನೋಡುವವರಿಗೆ ತಿಳಿಯುತ್ತದೆ. ಮರಳುವಾಗ ಕತ್ತಲಾಗುವುದರಿಂದ ಟಾರ್ಚ್ ಬೇಕೇ ಬೇಕು. ಅದು ದಾರಿಗೆ ಮಾತ್ರ. ಚಿತ್ರಕ್ಕಾಗಿ ಕಲ್ಲಿನ ಮೇಲೆ ಬೆಳಕು ಚೆಲ್ಲುವುದಕ್ಕೆ ನಿಷೇಧವಿದೆ.

2000ದಲ್ಲಿ ಛಾಯಾಗ್ರಾಹಕನೊಬ್ಬ ಚಿತ್ರ ಚೆನ್ನಾಗಿ ಬರಲೆಂದು ಇದೇ ಡೆಲಿಕೇಟ್ ಆರ್ಚ್ ಬಳಿ ಬೆಂಕಿ ಹಚ್ಚಿದ. ಕಲ್ಲಿನ ಮೇಲೆ ಕಲೆ ಉಳಿಯಿತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಆತ ತಪ್ಪೊಪ್ಪಿಕೊಂಡು ದಂಡ ತೆತ್ತ.

ಕಾಲ ಕೆಳಗೂ ಎಚ್ಚರ ಬೇಕು. ಇಲ್ಲಿನ ನೆಲದ ಮೇಲೆ ಕಪ್ಪಗೆ ಗಂಟುಗಂಟಾಗಿ ಕಾಣುವ ಪದರ ಬರೀ ಮಣ್ಣಲ್ಲ, ಜೀವ ಇರುವಂಥದ್ದು. ಸೂಕ್ಷ್ಮಜೀವಿಗಳು, ಹಾವಸೆ, ಕಲ್ಲುಹೂವು ಸೇರಿ ಮರಳನ್ನು ಹಿಡಿದಿಟ್ಟಿವೆ. ಒಳ್ಳೆಯ ಕೋನ ಹುಡುಕುತ್ತ ದಾರಿ ಬಿಟ್ಟು ಒಂದು ಹೆಜ್ಜೆ ಇಟ್ಟರೆ, ಆ ಗಾಯ ಮಾಯಲು ದಶಕಗಳೇ ಬೇಕು.

ಕಮಾನು ಎಂದಾದರೂ ಬೀಳುವುದೇ. ಅದು ಮಳೆ, ಮಂಜಿನ ಕೆಲಸ, ಯಾರಿಂದಲೂ ತಡೆಯಲಾಗದು. ಆದರೆ ಹೊಗೆಯ ಕಲೆ, ಗೀಚಿದ ಹೆಸರು, ತುಳಿದ ನೆಲ ಮನುಷ್ಯರ ಕೆಲಸ. ಇದನ್ನು ತಡೆಯಬಹುದು. ಯೂಟಾಕ್ಕೆ ಹೋಗದಿದ್ದರೂ, ನಮ್ಮೂರ ಗುಡ್ಡದ ಬಂಡೆಯ ಮುಂದೆ ನಿಂತಾಗ ನೆನಪಿಡಬೇಕಾದ ಮಾತಿದು.