ಗಾಂಧಿ ಗಂಜವೂ ಬೀದರ ಸೀಮೆಯ ಸಾರಿಗೆಯೂ

ಧಾನ್ಯದ ಬೆಲೆಯು ಪೇಟೆಯಲ್ಲಿ ನಿರ್ಣಯವಾಗುವುದಾದರೂ ಒಕ್ಕಲಿಗನ ಕೈಗೆ ಉಳಿಯುವ ಹಣವು ಬಹುಮಟ್ಟಿಗೆ ದಾರಿಯಲ್ಲಿಯೇ ನಿರ್ಣಯವಾಗುವುದು. ಬೀದರ ನಗರದ ಗಾಂಧಿ ಗಂಜವು ಇದಕ್ಕೆ ತಕ್ಕ ನಿದರ್ಶನವಾಗಿದೆ. ಸುತ್ತಲಿನ ಹಳ್ಳಿಗಳ ಉದ್ದು, ಹೆಸರು, ತೊಗರಿ, ಕಡಲೆ, ಸೋಯಾಗಳು ಇಲ್ಲಿ ಸವಾಲಿನಲ್ಲಿ ಮಾರಾಟವಾಗಿ ಬೇಳೆಯ ಮತ್ತು ಎಣ್ಣೆಯ ಗಿರಣಿಗಳಿಗೆ ಸಾಗುತ್ತವೆ.

ಬೀದರವು ಹಿಂದಿನಿಂದಲೂ ವರ್ತಕರ ಮಾರ್ಗದಲ್ಲಿದ್ದ ಊರು. 15ನೆಯ ಶತಮಾನದ ಉತ್ತರಾರ್ಧದಲ್ಲಿ ರಷ್ಯದ ವರ್ತಕನಾದ ಅಫನಾಸಿ ನಿಕಿತಿನನು ತಾನು ತಂದ ಕುದುರೆಯನ್ನು ಇಲ್ಲಿ ಮಾರಿದುದಾಗಿ ಬರೆದಿಟ್ಟಿರುವನು. ನಿಜಾಮರ ಆಳ್ವಿಕೆಯಲ್ಲಿ ವಿಕಾರಾಬಾದಿನಿಂದ ಬೀದರ, ಭಾಲ್ಕಿಗಳ ಮೇಲೆ ಪರಳಿಗೆ ರೈಲು ಮಾರ್ಗವು ಬಂದಿತು. 1932ರಲ್ಲಿ ಸಂಸ್ಥಾನದ ರೈಲ್ವೆ ಇಲಾಖೆಯೇ 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನೂ ಆರಂಭಿಸಿತು. ರೈಲನ್ನೂ ಬಸ್ಸನ್ನೂ ಒಂದೇ ಆಡಳಿತದಲ್ಲಿಟ್ಟ ಈ ಏರ್ಪಾಡು ಗಮನಾರ್ಹವಾದುದು.

ಆದರೆ ಆ ಹಳಿಗಳು ಹೈದರಾಬಾದಿಗೆ ಮುಖಮಾಡಿದ್ದುವು. 1956ರ ನವೆಂಬರ್ 1ರಂದು ಬೀದರವು ಮೈಸೂರು ರಾಜ್ಯಕ್ಕೆ ಸೇರಿತು; ಹಳೆಯ ಜಿಲ್ಲೆಯ ಉದಗೀರವು ಮುಂಬಯಿ ರಾಜ್ಯಕ್ಕೂ ಜಹೀರಾಬಾದು ಆಂಧ್ರ ಪ್ರದೇಶಕ್ಕೂ ಹೋದುವು. ಗಡಿ ಬದಲಾಯಿತು, ಹಳಿ ಬದಲಾಗಲಿಲ್ಲ. ಕಲಬುರಗಿಗೆ ರೈಲಿನಲ್ಲಿ ಹೋಗುವವರು ವಿಕಾರಾಬಾದನ್ನು ಸುತ್ತಬೇಕಾಗಿತ್ತು. ಹುಮನಾಬಾದಿನ ಮೇಲೆ ಹಾಯುವ, ಸುಮಾರು 110 ಕಿಲೋಮೀಟರು ಉದ್ದದ ಬೀದರ–ಕಲಬುರಗಿ ಮಾರ್ಗವು 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಮೇಲೆಯೇ ಈ ಸುತ್ತು ತಪ್ಪಿ, ಮುಂಬಯಿ–ಚೆನ್ನೈ ಮುಖ್ಯ ಮಾರ್ಗದೊಡನೆ ಹತ್ತಿರದ ಸಂಬಂಧವುಂಟಾಯಿತು.

ಹೊಸ ಹಳಿಯ ಪ್ರಯೋಜನವು ಎಲ್ಲರಿಗೂ ಸಮನಾಗಿ ದೊರೆಯುವುದೇ ಎಂಬುದು ವಿಚಾರಣೀಯವಾದ ಪ್ರಶ್ನೆ. ಭಾಲ್ಕಿಯು ರೈಲು ಮಾರ್ಗದ ಮೇಲಿರುವುದು. ಔರಾದ ಪಟ್ಟಣವು ಅದರಿಂದ ದೂರವಿರುವುದು. ಗಂಜದ ಬೆಲೆಯನ್ನು 100 ಎಂದು ಭಾವಿಸಿ, ಒಬ್ಬನಿಗೆ ಸಾಗಾಟದ ವೆಚ್ಚವು 4, ಮತ್ತೊಬ್ಬನಿಗೆ 10 ಎಂದಿಟ್ಟುಕೊಂಡರೆ, ಒಂದೇ ಬೆಳೆಗೆ ಮೊದಲನೆಯವನಿಗೆ 96, ಎರಡನೆಯವನಿಗೆ 90 ಮಾತ್ರ ಉಳಿಯುವುದು. ಬಿತ್ತನೆ, ಕಳೆ, ಕೊಯಿಲುಗಳ ಖರ್ಚು ಇಬ್ಬರಿಗೂ ಒಂದೇ ಆಗಿದ್ದರೆ, ಈ 6ರ ಅಂತರವು ಲಾಭದಲ್ಲಿಯೇ ಕಡಿತವಾಗುವುದು. ಬಾಡಿಗೆಗೆ ಅಂಜಿ ಊರಿನಲ್ಲಿಯೇ ಮಾರುವವನು ಸವಾಲಿನ ಸ್ಪರ್ಧೆಯನ್ನೂ ಕಳೆದುಕೊಳ್ಳುವನು.

ರೈಲು ದೂರದ ಸಾಗಾಟಕ್ಕೆ ಅಗ್ಗವಾದುದು. ಆದರೆ ಮೂಟೆಯನ್ನು ಗಂಜದಲ್ಲಿ ಇಳಿಸಿ, ಮತ್ತೆ ಲಾರಿಗೇರಿಸಿ, ನಿಲ್ದಾಣದಲ್ಲಿ ಪುನಃ ಇಳಿಸಿ ಏರಿಸುವಲ್ಲಿ ಹಮಾಲಿಯೂ ಕಾಲವೂ ವ್ಯಯವಾಗುವುದರಿಂದ, ಅಲ್ಪ ದೂರಕ್ಕೂ ಅಲ್ಪ ಸರಕಿಗೂ ಆ ಅಗ್ಗವು ಕರಗಿಹೋಗುವುದು. ಆದುದರಿಂದ ಹಳಿಯೊಂದರಿಂದಲೇ ಪ್ರಾಂತದ ಅಭ್ಯುದಯವಾಗದು. ಮಳೆಗಾಲದಲ್ಲಿಯೂ ಕೆಡದ ಹಳ್ಳಿಯ ರಸ್ತೆ, ಬೆಲೆ ಬರುವವರೆಗೆ ಧಾನ್ಯವನ್ನಿಡುವ ಉಗ್ರಾಣ, ಹಲವು ಒಕ್ಕಲಿಗರ ಸರಕನ್ನು ಒಟ್ಟುಗೂಡಿಸಿ ಕಳುಹಿಸುವ ಸಹಕಾರ, ಇವು ಮೂರೂ ಕೂಡಿದಲ್ಲಿ ಮಾತ್ರ ರೈಲಿನ ಉಳಿತಾಯವು ಔರಾದದ ಹೊಲದವರೆಗೆ ಮುಟ್ಟುವುದು. ಇಲ್ಲವಾದಲ್ಲಿ ಅದು ಗಂಜದ ಬಾಗಿಲಲ್ಲಿಯೇ ನಿಲ್ಲುವುದು.