ನುಣುಪಿನ ಹಿಂದಿನ ಉರಿ

ಮುಂಬ್ರಾದ ಓದುಗರೊಬ್ಬರು ಕೇಳಿದ್ದಾರೆ: ಐರೋಲಿಯಲ್ಲಿ ಕಚೇರಿ, ಗಡ್ಡ ನುಣ್ಣಗೆ ಬೋಳಿಸಿಕೊಂಡೇ ಹೋಗಬೇಕು. ಥಾಣೆಯಲ್ಲಿ ಇಳಿದು ಗಾಡಿ ಬದಲಿಸುವಷ್ಟರಲ್ಲಿ ಬೆವರಿಗೆ ಕುತ್ತಿಗೆ ಉರಿಯತೊಡಗುತ್ತದೆ, ಎರಡು ದಿನಕ್ಕೆ ಕೆಂಪು ಗುಳ್ಳೆ ಏಳುತ್ತವೆ. ಐದು ಬ್ಲೇಡಿನ ದುಬಾರಿ ರೇಜರ್ ತಂದ ಮೇಲೆ ಇನ್ನೂ ಹೆಚ್ಚಾಯಿತು, ನನ್ನ ಚರ್ಮವೇ ಸರಿಯಿಲ್ಲವೇ?

ಚರ್ಮದ ಮೇಲೆ ತಪ್ಪು ಹೊರಿಸುವ ಮೊದಲು ಕೂದಲನ್ನು ನೋಡಬೇಕು. ಜೋಳ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಕೂಳೆಯ ಚುಚ್ಚು ಗೊತ್ತು. ಕುಡುಗೋಲು ಓರೆಯಾಗಿ ಬಿದ್ದಲ್ಲೆಲ್ಲ ದಂಟಿನ ತುದಿ ಚೂಪಾಗಿ ನಿಂತಿರುತ್ತದೆ. ಬ್ಲೇಡಿಗೆ ಸಿಕ್ಕ ಗಡ್ಡದ ಕೂದಲೂ ಹಾಗೆ ಓರೆಯಾಗಿಯೇ ತುಂಡಾಗುತ್ತದೆ. ಆದರೆ ಹೊಲದ ಕೂಳೆ ನೆಲದ ಮೇಲಿರುತ್ತದೆ. ಒಂದಕ್ಕಿಂತ ಹೆಚ್ಚು ಬ್ಲೇಡಿನ ರೇಜರಿನಲ್ಲಿ ಮೊದಲ ಬ್ಲೇಡು ಕೂದಲನ್ನು ಹಿಡಿದು ತುಸು ಮೇಲೆಳೆಯುತ್ತದೆ. ಅದು ಹಿಂದೆ ಸರಿಯುವ ಮೊದಲೇ ಹಿಂದಿನ ಬ್ಲೇಡು ಕತ್ತರಿಸಿಬಿಡುತ್ತದೆ. ಉಳಿದ ಮೋಟು ಚರ್ಮದ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ. 1971ರಲ್ಲಿ ಜಿಲೆಟ್ ಕಂಪನಿ ಎರಡು ಬ್ಲೇಡಿನ ರೇಜರ್ ತಂದಾಗಿನಿಂದ ನಮಗೆ ಮಾರಲಾಗುತ್ತಿರುವ ನುಣುಪು ಇದೇ: ಕೂಳೆಯನ್ನು ನೆಲದೊಳಕ್ಕೆ ಹುಗಿಯುವುದು. ಕೂದಲು ನೇರವಾಗಿದ್ದರೆ ಬಂದ ದಾರಿಯಲ್ಲೇ ಮತ್ತೆ ಮೇಲೇರುತ್ತದೆ. ಗುಂಗುರಾಗಿದ್ದರೆ ಒಳಗೇ ಬಾಗಿ, ಚೂಪು ತುದಿಯಿಂದ ರಂಧ್ರದ ಗೋಡೆಯನ್ನು ಚುಚ್ಚುತ್ತದೆ. ಕೆಲವು ಹೊರಗೆ ಬಂದರೂ ಬಾಗಿ ಪಕ್ಕದ ಚರ್ಮದೊಳಕ್ಕೆ ಇಳಿಯುತ್ತವೆ. ಒಳನುಗ್ಗಿದ ತನ್ನ ಕೂದಲನ್ನೇ ದೇಹ ಹೊರಗಿನ ವಸ್ತುವೆಂದು ಬಗೆದು ಹೋರಾಡುತ್ತದೆ. ಗುಳ್ಳೆ ಏಳುವುದು ಆಗ. ಕುತ್ತಿಗೆಯ ಕೂದಲು ಚರ್ಮಕ್ಕೆ ಒರಗಿಕೊಂಡು ದಿಕ್ಕಿಗೊಂದರಂತೆ ಬೆಳೆಯುವುದರಿಂದ ಅಲ್ಲಿ ಕಾಟ ಹೆಚ್ಚು.

ಈ ತೊಂದರೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ವಿವರವಾಗಿ ಬಣ್ಣಿಸಿದವರು ಅಮೆರಿಕದ ಚರ್ಮತಜ್ಞರಾದ ಜಾನ್ ಸ್ಟ್ರಾಸ್ ಮತ್ತು ಆಲ್ಬರ್ಟ್ ಕ್ಲಿಗ್‌ಮನ್, 1956ರಲ್ಲಿ. ಗುಂಗುರು ಗಡ್ಡದ ಕಪ್ಪು ಸೈನಿಕರಿಗೆ ದಿನವೂ ಬೋಳಿಸಬೇಕೆಂಬ ನಿಯಮ ಎಷ್ಟು ಹಿಂಸೆಯೆಂದರೆ, ಅಲ್ಲಿನ ಸೇನೆ ವೈದ್ಯರ ಚೀಟಿಯ ಮೇಲೆ ವಿನಾಯಿತಿ ಕೊಡಬೇಕಾಯಿತು. 2004ರಲ್ಲಿ ಕೂದಲ ಕೋಶದ ಒಂದು ಕೆರಟಿನ್ ಜೀನಿನಲ್ಲಿ ಸಣ್ಣ ವ್ಯತ್ಯಾಸವಿದ್ದವರಿಗೆ ಈ ಗುಳ್ಳೆಗಳ ಸಾಧ್ಯತೆ ಸುಮಾರು ಆರು ಪಟ್ಟು ಹೆಚ್ಚೆಂದು ಕಂಡುಬಂತು. ಇದು ಕೊಳಕಿನಿಂದ ಬರುವ ಕಾಯಿಲೆಯಲ್ಲ. ಗುಳ್ಳೆ ಕಂಡೊಡನೆ ಸೋಪು ಹಚ್ಚಿ ಉಜ್ಜುವ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು.

ಇನ್ನು ಬ್ಲೇಡು. ಥಾಣೆಯವರಿಗೆ ಅದು ದೂರದ ವಸ್ತುವಲ್ಲ. ಸೂಪರ್‌ಮ್ಯಾಕ್ಸ್ ಬ್ಲೇಡುಗಳು ದಶಕಗಳ ಕಾಲ ತಯಾರಾದದ್ದು ಅಲ್ಲಿನ ವಾಗ್ಳೆ ಎಸ್ಟೇಟಿನಲ್ಲೇ. ಕೂದಲಿಗಿಂತ ಐವತ್ತು ಪಟ್ಟು ಗಡುಸಾದ ಉಕ್ಕು ಕೂದಲು ಕತ್ತರಿಸಿಯೇ ಮೊಂಡಾಗುವುದೇಕೆ? 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಇದಕ್ಕೆ ಸೊಗಸಾದ ಉತ್ತರ ಕೊಟ್ಟರು. ಜಾನ್‌ಲೂಕಾ ರೊಶೊಲಿ ತಮ್ಮದೇ ಗಡ್ಡ ಬೋಳಿಸಿ, ಆ ಬ್ಲೇಡನ್ನು ಪ್ರತಿ ಸಲವೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಂಚು ನುಣ್ಣಗೆ ಸವೆದಿರಲಿಲ್ಲ, ಚಕ್ಕೆ ಚಕ್ಕೆಯಾಗಿ ಒಡೆದಿತ್ತು. ಕೂದಲು ಬಾಗಿ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆ ತಾಗಿದಾಗ ಚಕ್ಕೆ ಏಳುತ್ತದೆ. ಇಂಥ ಮುಕ್ಕಾದ ಅಂಚು ಕೂದಲನ್ನು ಕತ್ತರಿಸುವ ಬದಲು ಜಗ್ಗುತ್ತದೆ. ಬ್ಲೇಡು ಜಗ್ಗತೊಡಗಿದ ದಿನವೇ ಅದನ್ನು ಬದಲಿಸಬೇಕು.

ಅದಕ್ಕಿಂತಲೂ ಅಗ್ಗದ ಉಪಾಯ ನೀರು. ಒಣ ಕೂದಲು ನೀರು ಹೀರಿ ಉಬ್ಬಿದರೆ ಅದರ ಪ್ರೋಟೀನು ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳು ಸಡಿಲಾಗುತ್ತವೆ, ಕತ್ತರಿಸಲು ಬೇಕಾದ ಬಲ ತಗ್ಗುತ್ತದೆ. ಇದಕ್ಕೆ ಎರಡು ಮೂರು ನಿಮಿಷ ಬೇಕು. ಆದ್ದರಿಂದ ಸ್ನಾನಕ್ಕೆ ಮೊದಲಲ್ಲ, ಸ್ನಾನವಾದ ಮೇಲೆ ಬೋಳಿಸಿ. ಒಂದೇ ಬ್ಲೇಡಿನ ರೇಜರ್ ಸಾಕು. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಡಿ, ಬಿಟ್ಟೊಡನೆ ಮೋಟು ಒಳಸೇರುತ್ತದೆ. ಕೂದಲು ಬೆಳೆಯುವ ದಿಕ್ಕಿನಲ್ಲೇ ಹಗುರವಾಗಿ ಎಳೆಯಿರಿ. ಸಲೂನಿನಲ್ಲಿ ಎರಡನೇ ಕೈ ಉಲ್ಟಾ ಹೊಡೆಯಲು ಬಂದರೆ ಬೇಡ ಎನ್ನಿ. ಹೊಸ ಬ್ಲೇಡು ಕೇಳಿ ಹಾಕಿಸಿಕೊಳ್ಳಿ. ಎಲ್ಲರ ಮುಖಕ್ಕೂ ಸವರುವ ಒಂದೇ ಪಟಿಕದ ಕಲ್ಲನ್ನೂ ಒಪ್ಪಬೇಡಿ. ಪಟಿಕ ಪ್ರೋಟೀನನ್ನು ಹೆಪ್ಪುಗಟ್ಟಿಸಿ ರಕ್ತ ನಿಲ್ಲಿಸುವುದು ನಿಜ, ಆದರೆ ಒಬ್ಬರ ರಕ್ತ ತಾಗಿದ ಕಲ್ಲು ಇನ್ನೊಬ್ಬರ ಗಾಯಕ್ಕೆ ಬರಬಾರದು.

ಆಫ್ಟರ್‌ಶೇವ್ ಉರಿದರೆ ಕ್ರಿಮಿ ಸತ್ತವು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಉರಿಯ ಕಾರಣ ಬೇರೆ, ಬಹಳ ಚಂದದ ಕಾರಣ. ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವಿದೆ. ಮೆಣಸಿನಕಾಯಿಯ ಖಾರಕ್ಕೂ ಸುಡು ಶಾಖಕ್ಕೂ ಎಚ್ಚರಗೊಳ್ಳುವುದು ಅದೇ. ಅದನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್‌ಗೆ ಎಚ್ಚರಾಗುವ ಆ ಗ್ರಾಹಕ, ಆಫ್ಟರ್‌ಶೇವಿನಲ್ಲಿರುವಂಥ ಆಲ್ಕೋಹಾಲ್ ತಗುಲಿದರೆ ಸುಮಾರು 34 ಡಿಗ್ರಿಗೇ ಎಚ್ಚರಾಗುತ್ತದೆ ಎಂದು 2002ರ ಪ್ರಯೋಗ ತೋರಿಸಿತು. ಅಂದರೆ ನಮ್ಮ ಮೈಶಾಖವೇ ನಮಗೆ ಬೆಂಕಿಯಂತೆ ಅನಿಸುತ್ತದೆ. ಮೆಂತಾಲ್ ತಂಪೂ ಹಾಗೆಯೇ, ನರದ ಸಂದೇಶ ಮಾತ್ರ, ಗಾಯ ಮಾಗಿದ ಗುರುತಲ್ಲ. ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಸಾಕು.

ಔಷಧ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಮಾತ್ರ ಮುಖಕ್ಕೆ ಹಚ್ಚಲೇಬೇಡಿ. ಮೊದಲ ವಾರ ಕೆಂಪು ಮಾಯವಾಗಿ, ತಿಂಗಳುಗಳಲ್ಲಿ ಚರ್ಮ ತೆಳುವಾಗಿ, ಬಿಟ್ಟರೆ ಇಮ್ಮಡಿ ಉರಿಯುವಂತಾಗುತ್ತದೆ. ಇಂಥ ಮುಲಾಮುಗಳನ್ನು ಸರ್ಕಾರ 2018ರಲ್ಲಿ ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕಾದ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಗುಳ್ಳೆ ಈಗಾಗಲೇ ತುಂಬಿದ್ದರೆ ಒಂದು ತಿಂಗಳು ರೇಜರ್ ಮುಟ್ಟದಿರುವುದೇ ಚಿಕಿತ್ಸೆ. ದಿನಕ್ಕೆ ಮೂರನೇ ಒಂದು ಮಿಲಿಮೀಟರಿನಷ್ಟು ಬೆಳೆಯುವ ಕೂದಲು ಸುಮಾರು 10 ಮಿಲಿಮೀಟರ್ ಆಗುವ ಹೊತ್ತಿಗೆ ತನ್ನ ಬಿಗುವಿನಿಂದಲೇ ಒಳಹೊಕ್ಕ ತುದಿಯನ್ನು ಹೊರಕ್ಕೆಳೆದುಕೊಳ್ಳುತ್ತದೆ. ಕೀವು, ಗಟ್ಟಿ ಗಂಟು ಕಂಡರೆ ಚರ್ಮವೈದ್ಯರಲ್ಲಿಗೆ ಹೋಗಿ. ತಿಂಗಳು ಕಳೆದ ಮೇಲೆ ಟ್ರಿಮ್ಮರ್ ಹಿಡಿದು ಒಂದು ಮಿಲಿಮೀಟರ್ ಉಳಿಸಿ. ಕಚೇರಿಯವರು ತಕರಾರು ತೆಗೆದರೆ ವೈದ್ಯರಿಂದ ಎರಡು ಸಾಲು ಬರೆಸಿಕೊಂಡು ಹೋಗಿ.